220 ಚೌಕದ ಕಾರ್ಡು

ಹಣಕಾಸಿನ ಬಗ್ಗೆ ಯಾವ ಪುಸ್ತಕ ಓದಲಿ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳೋದು ಸ್ಟುವರ್ಟ್ ರುದರ್‌ಫೋರ್ಡ್ ಬರೆದ ‘ದ ಪೂರ್ ಅಂಡ್ ದೇರ್ ಮನಿ’. ತೆಳ್ಳಗಿನ ಪುಸ್ತಕ. ಷೇರುಪೇಟೆಯ ಸುದ್ದಿಗೇ ಹೋಗೋದಿಲ್ಲ.

ಅದರಲ್ಲಿ ವಿಜಯವಾಡದ ಕೊಳೆಗೇರಿಗಳಲ್ಲಿ ಮನೆಮನೆಗೆ ಹೋಗಿ ಉಳಿತಾಯದ ದುಡ್ಡು ಕೂಡಿಸುವ ಹೆಂಗಸೊಬ್ಬಳಿದ್ದಾಳೆ. ಅವಳು ಕೊಡುವ ಕಾರ್ಡಿನಲ್ಲಿ 220 ಚೌಕ. ಚೌಕಕ್ಕೆ 5 ರೂಪಾಯಿಯಂತೆ ಕಟ್ಟಿದರೆ ಕೊನೆಗೆ 1,100 ಆಗುತ್ತದೆ. ವಾಪಸ್ ಸಿಗೋದು 1,000. ಬಡ್ಡಿ ಹಾಗಿರಲಿ, ಕೈಯಿಂದಲೇ ನೂರು ಹೋಗುತ್ತದೆ. ಆದರೂ ಕಟ್ಟುತ್ತಾರೆ. ಗುಡಿಸಲಲ್ಲಿಟ್ಟ ಚಿಲ್ಲರೆ ನಿಲ್ಲೋದಿಲ್ಲ, ಶಾಲೆ ಫೀಸಿಗೆ, ಹಬ್ಬಕ್ಕೆ ಇಡಿಗಂಟು ಬೇಕು. ಬಡವರಿಗೆ ಉಳಿಸೋದು ಗೊತ್ತಿಲ್ಲ ಅನ್ನುವವರು ಈ ಪುಟಗಳನ್ನು ಓದಲೇಬೇಕು.

ನಮ್ಮ ಪಿಗ್ಮಿಯೂ ಇದೇ ಅಲ್ಲವೇ? 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳತೊಡಗಿತು, ಬಡ್ಡಿಯನ್ನೂ ಕೊಟ್ಟಿತು.

ಸಂಜೆ ಪಿಗ್ಮಿಯವರ ಸೈಕಲ್ ಬೆಲ್ ಕೇಳಿದರೆ ಅಮ್ಮ ಸಾಸಿವೆ ಡಬ್ಬಿಯಿಂದ ಹತ್ತರ ನೋಟು ತೆಗೆದು, ಮಡಿಕೆ ಬಿಡಿಸಿ ಕೊಡುತ್ತಿದ್ದಳು. ನನ್ನ ಪಿಯುಸಿ ಫೀಸು ಕಟ್ಟಿದ್ದು ಆ ದುಡ್ಡಲ್ಲೇ.