ಮೊದಲ ಕಂಠ

ಹಳಗನ್ನಡ ಪಾಠ ಹೇಳುವವರಿಗೆ ಸಂಕಲನಕಾರರ ಮೇಲೆ ಒಂದು ಬಗೆಯ ಮಮತೆ ಇರುತ್ತದೆ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಕಟ್ಟದೆ ಹೋಗಿದ್ದರೆ, ಮೂಲಗ್ರಂಥಗಳೇ ಅಳಿದುಹೋದ ಎಷ್ಟೋ ಪದ್ಯಗಳು ನಮಗೆ ದಕ್ಕುತ್ತಿರಲಿಲ್ಲ. ಆಯುವುದೆಂದರೆ ಉಳಿಸುವುದು ಎಂದೇ ನಮ್ಮ ಎಣಿಕೆ. ಆಯ್ಕೆಗೆ ಇನ್ನೊಂದು ಮುಖವೂ ಉಂಟೆಂದು ನನಗೆ ತೋರಿಸಿದ್ದು ಗ್ರಂಥವಲ್ಲ, ಹೊಸದುರ್ಗದ ನಮ್ಮ ಮನೆಗೆ ನನ್ನ ತಮ್ಮನು ತಂದ ಒಂದು ಸಿ.ಡಿ.!

2009ರ ಫೆಬ್ರವರಿ 15ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ‘ಐರನ್ ಮೇಡನ್’ ತಂಡವು ಹಾಡಿದಾಗ, ಅಲ್ಲಿ ಓದುತ್ತಿದ್ದ ನನ್ನ ತಮ್ಮನೂ ಆ ಜನಸಂದಣಿಯಲ್ಲಿ ಇದ್ದನು. (ಆ ತಂಡವು ಭಾರತದಲ್ಲಿ ಮೊತ್ತಮೊದಲು ಹಾಡಿದ್ದೂ ಅದೇ ಮೈದಾನದಲ್ಲಿ, 2007ರ ಮಾರ್ಚ್‌ನಲ್ಲಿ.) ಅವನು ತಂದ ಸಿ.ಡಿ.ಯ ಹೆಸರು ‘ಸಮ್‌ವೇರ್ ಬ್ಯಾಕ್ ಇನ್ ಟೈಮ್’. 1980ರಿಂದ 1989ರವರೆಗಿನ ಹಾಡುಗಳಲ್ಲಿ ಉತ್ತಮವಾದುವನ್ನು ಆಯ್ದು 2008ರಲ್ಲಿ ಹೊರತಂದದ್ದು. ಹೊದಿಕೆಯ ಮೇಲೆ ತಂಡದ ಲಾಂಛನವಾದ ‘ಎಡ್ಡಿ’ ಎಂಬ ಬೇತಾಳ. “ಈ ಪೀಡೆಯನ್ನು ದೇವರ ಗೂಡಿನ ಎದುರು ಇಡಬೇಡವೋ” ಎಂದು ನಮ್ಮ ತಾಯಿಯವರು ಅದನ್ನು ಬೋರಲು ಹಾಕಿದರು.

ಹೆವಿ ಮೆಟಲ್ ಎಂಬ ಈ ಸಂಗೀತದಲ್ಲಿ ವಿದ್ಯುತ್ ಗಿಟಾರುಗಳೂ ಡ್ರಮ್ಮುಗಳೂ ಒಮ್ಮೆಗೇ ದಾಳಿಯಿಡುತ್ತವೆ. ಆ ಗದ್ದಲದ ನೆತ್ತಿಯ ಮೇಲೆ ಕಂಠವೊಂದು ನಿಲ್ಲಬೇಕು. ಅದು ಸೋತರೆ ಹಾಡು ಸೋತಂತೆಯೇ. ಸಂಕಲನದ ಹದಿನೈದು ಭಾಗಗಳಲ್ಲಿ ಮೊದಲನೆಯದು ಚರ್ಚಿಲ್ಲನ ಯುದ್ಧಕಾಲದ ಭಾಷಣ, ಉಳಿದುವೆಲ್ಲ ಹಾಡು. ಅವುಗಳಲ್ಲಿ ಮೂರು, 1980 ಮತ್ತು 1981ರಲ್ಲಿ ಬಂದ ಮೊದಲೆರಡು ಧ್ವನಿಮುದ್ರಿಕೆಗಳವು. ಅವನ್ನು ಅಂದು ಹಾಡಿದವನು ಪಾಲ್ ಡಿಯಾನೊ. ಸಂಕಲನದಲ್ಲಿ ಕೇಳಿಬರುವುದಾದರೋ 1981ರಲ್ಲಿ ಅವನ ಸ್ಥಾನಕ್ಕೆ ಬಂದ ಬ್ರೂಸ್ ಡಿಕಿನ್ಸನ್ನನ ಕಂಠ! ಅವನು ಸಭೆಯಲ್ಲಿ ಹಾಡಿದ, 1985ರ ‘ಲೈವ್ ಆಫ್ಟರ್ ಡೆತ್’ ಮುದ್ರಿಕೆಯ ರೂಪಗಳನ್ನು ತಂದು ಸೇರಿಸಿದ್ದಾರೆ. ಹಾಡು ಉಳಿಯಿತು, ಹಾಡಿದವನು ಉಳಿಯಲಿಲ್ಲ.

“ಈಗ ವೇದಿಕೆಯ ಮೇಲೆ ಹಾಡುವವನು ಅವನೇ ತಾನೆ, ಅಣ್ಣಾ? ಹೊಸಬರಿಗೆ ಅವನ ದನಿಯೇ ಪರಿಚಯವಾಗಲಿ” ಎಂದು ತಮ್ಮನು ವಾದಿಸಿದನು. ನ್ಯಾಯವಾದ ಮಾತೇ. ಡಿಕಿನ್ಸನ್ನನ ಕಂಠವು ಮುಗಿಲಿಗೆ ಏರಬಲ್ಲದು. ಡಿಯಾನೊವಿನದು ಒರಟು, ಬೀದಿಯ ಧೂಳು ಹತ್ತಿದ್ದು. ಆದರೆ ಆ ಹಾಡುಗಳಿಗೆ ಆ ಧೂಳೇ ಮೈಬಣ್ಣವೆಂದು ನನಗೆ ಇಂದಿಗೂ ಅನಿಸುತ್ತದೆ.

ನನಗೇಕೆ ಇಷ್ಟು ಹಟವೆನ್ನುವಿರೋ? ನಮ್ಮ ದೊಡ್ಡಮ್ಮನವರು ನಮ್ಮ ಕಡೆಯ ಮದುವೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದರು. ಹೊಗೆಸೊಪ್ಪು ಜಗಿದು ಒಡೆದ ದನಿ. ಮೇಲಿನ ಸ್ವರಕ್ಕೆ ಹೋದಾಗ ತುಸು ಸೀಳುತ್ತಿದ್ದಿತು, ಹೆಣ್ಣು ಒಪ್ಪಿಸುವ ಪದದಲ್ಲಿ ಆ ಸೀಳಿಗೇ ಹೆಂಗಸರು ಅಳುತ್ತಿದ್ದರು. ಅವರು ಹೋದಮೇಲೆ ಅವರ ಮಗಳು ಅದೇ ಪದಗಳನ್ನು ಬಹು ಇಂಪಾಗಿ ಹಾಡಿ ಮುದ್ರಿಸಿದ್ದಾಳೆ. ‘ದೊಡ್ಡಮ್ಮನ ಪದಗಳು’ ಎಂಬ ಹೆಸರಿನಲ್ಲಿ ನೆಂಟರ ಮೊಬೈಲುಗಳಲ್ಲೆಲ್ಲ ಅದೇ ಓಡಾಡುತ್ತಿದೆ. ಮನೆಯ ಮಕ್ಕಳು ದೊಡ್ಡಮ್ಮನ ದನಿ ಅದೇ ಎಂದು ತಿಳಿದಿವೆ.

ಡಿಯಾನೊ 2024ರ ಅಕ್ಟೋಬರ್ 21ರಂದು ತೀರಿಕೊಂಡನು. ಹತ್ತು ದಿನ ಕಳೆದು ದೀಪಾವಳಿಗೆ ಬಂದ ತಮ್ಮನು, ನಾನು ಕೇಳದೆಯೇ, 1980ರ ಮೂಲ ಮುದ್ರಿಕೆಯನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದನು. ಕೇಳಿ ಮುಗಿದಮೇಲೆ ಕೊಂಚ ಹೊತ್ತು ಸುಮ್ಮನಿದ್ದು, “ದೊಡ್ಡಮ್ಮನದು ಯಾರಲ್ಲಾದರೂ ಇದ್ದೀತೇ, ಅಣ್ಣಾ?” ಎಂದನು. ಹಿರಿಯೂರಿನ ಸೋದರತ್ತೆಯವರಲ್ಲಿ ಹಳೆಯ ಮದುವೆಯ ಕ್ಯಾಸೆಟ್ಟುಗಳಿವೆಯೆಂದು ತಾಯಿಯವರು ಅಡಿಗೆಮನೆಯಿಂದಲೇ ಹೇಳಿದರು.