ಚೀಟಿಯಿಲ್ಲದ ಕಲ್ಲು

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ಹಾದಿಯಲ್ಲಿ ಬೆಳ್ಮಣ್ ಎಂಬ ಊರಿದೆ. ಅಲ್ಲಿಯ ಹಳೆಯ ಹೆಂಚಿನ ಮನೆಯೊಂದರ ಅಟ್ಟವನ್ನು ಮಳೆಗಾಲಕ್ಕೆ ಮುನ್ನ ಗುಡಿಸುವಾಗ ತಗಡಿನ ಡಬ್ಬಿಯೊಂದು ಕೆಳಗಿಳಿಯಿತು. ಮನೆಯ ಯಜಮಾನರು ನಿವೃತ್ತ ಉಪಾಧ್ಯಾಯರು. ಅವರು ಅದನ್ನು ಜಗಲಿಯ ಮೇಲೆ ಬರಿದುಮಾಡಿದರು. ಹಳೆಯ ನಾಣ್ಯಗಳ ನಡುವೆ ಒಂದು ಕಲ್ಲು. ಆ ಕಲ್ಲಿನ ಮೈಯಲ್ಲಿ ಸ್ಪಷ್ಟವಾಗಿ ಮೂಡಿದ ಚಿಪ್ಪಿನ ಆಕೃತಿ.

“ಅಜ್ಜ, ಇದು ಎಲ್ಲಿಯದು?” ಎಂದಳು ಮೊಮ್ಮಗಳು.

ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ಯೌವನದಲ್ಲಿ ತಿರುಚಿರಾಪಳ್ಳಿಯ ಕಡೆಗೂ ಹೋಗಿದ್ದರು, ಉತ್ತರದ ಯಾತ್ರೆಯನ್ನೂ ಮಾಡಿದ್ದರು. ಎರಡರಲ್ಲಿ ಯಾವ ಪ್ರಯಾಣದ ನೆನಪು ಇದು? ಊರಿನದಂತೂ ಇರಲಾರದು. ಬೆಳ್ಮಣ್ಣಿನ ಸುತ್ತ ಮನೆ ಕಟ್ಟಲು ಕಡಿಯುವ ಕೆಂಪುಕಲ್ಲು, ಬಂಡೆಯ ಮೇಲೆ ಯುಗಯುಗಗಳ ಮಳೆ ಸುರಿದು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣದ ಅಂಶ ಉಳಿದು ಆದದ್ದು. ಅಂತಹ ಮಣ್ಣಿನಲ್ಲಿ ಎಲುಬಾಗಲಿ ಚಿಪ್ಪಾಗಲಿ ಉಳಿಯುವುದು ದುರ್ಲಭ.

ದೇವರ ಕೋಣೆಯ ಸಂಪುಟದಲ್ಲಿದ್ದ ಸಾಲಿಗ್ರಾಮದ ಸಂಗತಿ ಬೇರೆ. ಅದರೊಳಗಿನ ಚಕ್ರವು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬಾಳಿದ ಜೀವಿಯೊಂದರ ಚಿಪ್ಪಿನ ಗುರುತು. ಅದು ಗಂಡಕೀ ನದಿಯಿಂದ ಬಂದುದೆಂದು ಮನೆಯ ಮಕ್ಕಳೂ ಬಲ್ಲರು. ಯಾರೂ ಚೀಟಿ ಅಂಟಿಸಿರಲಿಲ್ಲ; ಭಕ್ತಿಯೇ ಆ ಲೆಕ್ಕವನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿತ್ತು. ಡಬ್ಬಿಯ ಕಲ್ಲಿಗೆ ಆ ಭಾಗ್ಯವಿರಲಿಲ್ಲ.

ವಸ್ತುಸಂಗ್ರಹಾಲಯಗಳ ಪಳೆಯುಳಿಕೆಯ ವಿಭಾಗಗಳಲ್ಲಿ ಗಾಜಿನ ಪೆಟ್ಟಿಗೆಯಷ್ಟೇ ಜೋಪಾನವಾಗಿ ದಾಖಲೆ ಪುಸ್ತಕವನ್ನೂ ಇಡುವುದು ಇದಕ್ಕಾಗಿಯೇ. ಒಂದೊಂದು ಎಲುಬಿಗೂ ಒಂದು ಸಂಖ್ಯೆ. ಸಂಖ್ಯೆಯ ಮುಂದೆ ಊರು, ಮಣ್ಣಿನ ಪದರ, ದಿನಾಂಕ, ತಂದವರ ಹೆಸರು. ಆ ಸಾಲು ಅಳಿದರೆ ಎಲುಬು ಉಳಿದೂ ಮೂಕವಾಗುತ್ತದೆ.

ನಮ್ಮ ನಾಡಿನದೇ ನಿದರ್ಶನವಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಭೂವಿಜ್ಞಾನಿ 1858ರಲ್ಲಿ ಭಾರತ ಭೂವಿಜ್ಞಾನ ಸರ್ವೇಕ್ಷಣೆಯನ್ನು ಸೇರಿ ದಕ್ಷಿಣದ ಹಳ್ಳಕೊಳ್ಳಗಳನ್ನೆಲ್ಲ ಅಲೆದವನು. ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ, ಘಟಪ್ರಭೆಯ ಕಣಿವೆಯಲ್ಲಿ ದೊರೆತ ಘೇಂಡಾಮೃಗದ ಪಳೆಯುಳಿಕೆಗಳನ್ನು ಆತ 1874ರಲ್ಲಿ ಸರ್ವೇಕ್ಷಣೆಯ ಗ್ರಂಥಮಾಲೆಯಲ್ಲಿ ವಿವರವಾಗಿ ವರ್ಣಿಸಿ, ಆ ಪ್ರಾಣಿಗೆ ದಖ್ಖನಿನ ಹೆಸರನ್ನೇ ಇಟ್ಟನು. ಇಂದು ಘೇಂಡಾಮೃಗವೆಂದರೆ ನಮಗೆ ದೂರದ ಅಸ್ಸಾಮು ನೆನಪಾಗುತ್ತದೆ. ಅದು ಒಮ್ಮೆ ಗೋಕಾಕದ ನೆಲವನ್ನು ತುಳಿದಿತ್ತೆಂದು ನಂಬುವವರಾರು? ಸ್ಥಳವನ್ನು ಬರೆದಿಟ್ಟ ಆ ಪುಟಗಳು ನಂಬಿಸುತ್ತವೆ. ಅವಿಲ್ಲದಿದ್ದರೆ ಅದು ಯಾವುದೋ ಕಾಡಿನ ಯಾವುದೋ ಎಲುಬು.

ಫೂಟನು 1912ರಲ್ಲಿ ತೀರಿಕೊಂಡನು. ಅವನು ಕೂಡಿಹಾಕಿದ ಶಿಲಾಯುಗದ ಆಯುಧಗಳು ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದ್ದವು. ಅವು ಎಲ್ಲೆಲ್ಲಿ ಸಿಕ್ಕವೆಂಬ ಅವನ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಬರೆದವನು ಹೋದರೂ ಬರಹ ಸಾಕ್ಷಿ ಹೇಳುತ್ತಲೇ ಇದೆ.

ಉಪಾಧ್ಯಾಯರು ಬಹಳ ಹೊತ್ತು ಕಲ್ಲನ್ನು ಹಿಡಿದು ಕುಳಿತಿದ್ದರು. ತಿರುಚಿರಾಪಳ್ಳಿಯ ಕಡೆಯದೆಂದು ಹೇಳಿಬಿಟ್ಟಿದ್ದರೆ ಮಗು ನಂಬುತ್ತಿತ್ತು. ಮುಂದೊಂದು ದಿನ ತನ್ನ ಮಕ್ಕಳಿಗೂ ಹೇಳುತ್ತಿತ್ತು. ಆದರೆ ನಲವತ್ತು ವರ್ಷ ಮಕ್ಕಳ ತಪ್ಪು ತಿದ್ದಿದ ಕೈ ಅದಕ್ಕೆ ಒಪ್ಪಲಿಲ್ಲ. ಮೊಮ್ಮಗಳಿಂದ ಕಾಗದ ಪೆನ್ಸಿಲು ತರಿಸಿ, ಅವಳ ಕೈಯಿಂದಲೇ ಬರೆಸಿದರು: “ಮೂಲಸ್ಥಳ ತಿಳಿಯದು. ಬೆಳ್ಮಣ್ಣಿನ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕಿತು.” ಕೆಳಗೆ ಅಂದಿನ ತಾರೀಖು.

“ಗೊತ್ತಿಲ್ಲ ಅಂತಲೂ ಬರೆಯಬೇಕಾ ಅಜ್ಜ?”

“ಅದನ್ನೇ ಮೊದಲು ಬರೆಯಬೇಕು, ಮಗಾ” ಎಂದರು ಅಜ್ಜ.