ತೆರೆದ ಅಂಗೈ

ಎಳ್ಳಮಾವಾಸ್ಯೆ ದಿನ ಹೊಲದಿಂದ ಬಂದು ಬೆಂಕಿ ಕಾಯಿಸುತ್ತ ಕುಳಿತರೆ ನಮ್ಮ ಮನೆಯಲ್ಲಿ ಸೋದರತ್ತೆಯ ಮಾತು ಬಂದೇ ಬರುತ್ತದೆ. ಹೊಸ ಸೊಸೆಯಂದಿರಿಗೂ ಗೊತ್ತಿರಲಿ ಎಂದು ನಾನು ಮೊದಲಿನಿಂದ ಹೇಳುತ್ತೇನೆ.

ಅತ್ತೆಯನ್ನು ಕೊಟ್ಟದ್ದು ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಗೆ. ಮಾಣಿಕಪ್ರಭುಗಳು 1817ರಲ್ಲಿ ಹುಟ್ಟಿದ ಊರು ಅದು. ಮುಂದೆ ಅವರು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆ ನಿಂತರು, 1865ರಲ್ಲಿ ಅಲ್ಲೇ ಸಮಾಧಿಯಾದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅತ್ತೆ ದತ್ತಜಯಂತಿಗೂ ತಪ್ಪದೆ ಮಾಣಿಕನಗರಕ್ಕೆ ಹೋಗುತ್ತಿದ್ದಳು. ನಮ್ಮ ಸೀಮೆಯಲ್ಲಿ ಅದನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಮಕ್ಕಳಿರಲಿಲ್ಲ, ಗಂಡ ತೀರಿದ ಮೇಲೆ, ನಾವೆಲ್ಲ ಬೇಡವೆಂದರೂ ಕೇಳದೆ, ಹುಮನಾಬಾದ್ ಹತ್ತಿರದ ಒಂದು ಸಣ್ಣ ವೃದ್ಧಾಶ್ರಮ ಸೇರಿದಳು. ಅಲ್ಲಿಂದ ಮಾಣಿಕನಗರ ಹತ್ತಿರ ಎನ್ನುವುದೇ ಅವಳಿಗೆ ದೊಡ್ಡ ಸಮಾಧಾನ.

ಆಮೇಲೆ ಹೊಟ್ಟೆಯ ಕ್ಯಾನ್ಸರ್ ಬಂತು. ಹೈದರಾಬಾದಿನ ಎಂಎನ್‌ಜೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡುವ ಹಂತ ದಾಟಿದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿ, ನೋವಿಗೆ ಮಾರ್ಫಿನ್ ಗುಳಿಗೆ ಬರೆದುಕೊಟ್ಟರು. ನಾಲ್ಕು ತಾಸಿಗೊಮ್ಮೆ ಕೊಡಬೇಕು, ನೋವು ಬರಲಿ ಎಂದು ಕಾಯಬಾರದು, ಮಲಬದ್ಧತೆಯಾಗದಂತೆ ಇನ್ನೊಂದು ಔಷಧ ಜೊತೆಗಿರಬೇಕು.

ಗುಳಿಗೆಯ ಹೆಸರು ಕೇಳಿ ಮನೆಯ ಹಿರಿಯರೊಬ್ಬರು ಸಿಟ್ಟಾದರು. ‘ಮಾರ್ಫಿನ್ ಅಂದ್ರ ಅಫೀಮು. ಹೋಗೋ ಹೊತ್ತಿನಾಗ ಅಮಲು ಏರಿಸಿದ್ರ ಲಿಂಗದ ಖಬರು ಉಳೀತದಾ? ಸೋಲಾಪುರಕ್ಕ ಒಯ್ದು ಸಲಾಯಿನ್ ಹಚ್ಚಸೋಣ.’ ಅವರು ಕೆಟ್ಟ ಮನುಷ್ಯರಲ್ಲ, ತಂಗಿಯ ಮೇಲೆ ಪ್ರಾಣವನ್ನೇ ಇಟ್ಟಿದ್ದರು. ಆ ಹೆದರಿಕೆಯೂ ಅವರೊಬ್ಬರದೇ ಅಲ್ಲ. 1985ರ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಈ ಔಷಧ ಇಟ್ಟುಕೊಳ್ಳಲು ಆಸ್ಪತ್ರೆಗಳೇ ಹಿಂಜರಿದವು. ರೋಗಿಗಳ ಕೈಗೆ ಸುಲಭವಾಗಿ ಸಿಗಲೆಂದು 2014ರಲ್ಲಿ ತಿದ್ದುಪಡಿ ಮಾಡಬೇಕಾಯಿತು.

ಆಶ್ರಮದ ನರ್ಸಮ್ಮ ಬೀದರಿನ ಮೆಥಡಿಸ್ಟ್ ಮನೆತನದವಳು. ಪಾಳಿ ಶುರುವಾಗುವ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಳು, ಆಮೇಲೆ ಕೆಲಸ. ಎರಡು ತಾಸಿಗೊಮ್ಮೆ ಅತ್ತೆಯನ್ನು ಮಗ್ಗಲು ಬದಲಿಸಿ ಮಲಗಿಸುವಳು. ಹಿರಿಯರಿಗೆ ಅವಳು ಎದುರು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಲು ಮಠದಯ್ಯನವರು ಬರುವ ತನಕ ತಡೆಯಿರಿ ಎಂದಳು, ಅಷ್ಟೇ.

ಆ ಬೆಳಗನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದೆವು. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟು ದೃಷ್ಟಿ ನೆಟ್ಟವಳು. ಅವತ್ತು ಆ ಕೈ ತೆರೆಯಲೇ ಇಲ್ಲ. ನೋವಿಗೆ ಬೆರಳುಗಳು ಮಡಚಿಕೊಂಡು ಉಗುರು ಅಂಗೈಗೆ ನಟ್ಟಿದ್ದವು. ಅಯ್ಯನವರು ಬಿಡಿಸಲು ಹೋದರು, ಅತ್ತೆ ನರಳಿದಳು, ಅವರು ಕೈ ಹಿಂದಕ್ಕೆ ತೆಗೆದರು. ಸ್ವಲ್ಪ ಹೊತ್ತು ಬಿಟ್ಟು ಹಿರಿಯರ ಕಡೆ ತಿರುಗಿ, ‘ಮುಷ್ಟಿ ಬಿಗಿದ ಕೈಯಾಗ ಲಿಂಗ ಹ್ಯಾಂಗ ಇಡಬೇಕ್ರಿ? ಮೊದಲ ಆ ತಾಯಿಗೆ ಗುಳಿಗಿ ಕೊಡ್ರಿ, ಪೂಜಿ ಮಧ್ಯಾಹ್ನ ಮಾಡೋಣ’ ಎಂದರು.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅತ್ತೆಯ ಬೆರಳು ತಾವಾಗಿ ಸಡಿಲಾದವು. ಅಯ್ಯನವರು ಬಂದು ಅಂಗೈಯಲ್ಲಿ ಲಿಂಗ ಇಟ್ಟರು. ಅಮಲೇನೂ ಇರಲಿಲ್ಲ. ಬಹಳ ಹೊತ್ತು ನೆಟ್ಟ ಕಣ್ಣಿನಿಂದ ನೋಡಿ, ಬಿಲ್ವಪತ್ರೆ ಒಣಗಿದೆ, ನಾಳೆ ಹಸಿಯದನ್ನು ತನ್ನಿ ಎಂದು ಗದರಿಸಿದಳು. ಹಿರಿಯರು ಹೊರಗೆ ಹೋಗಿ ಅತ್ತರು.

ಸಲಾಯಿನ್ ಬೇಡವಾದದ್ದಕ್ಕೂ ನರ್ಸಮ್ಮ ಕಾರಣ ಹೇಳಿದಳು. ದೇಹ ತನ್ನ ಕೆಲಸ ನಿಲ್ಲಿಸುತ್ತ ಬಂದಾಗ ಹಸಿವು ಬಾಯಾರಿಕೆ ತಾವೇ ಕಡಿಮೆಯಾಗುತ್ತವೆ. ಬಲವಂತವಾಗಿ ಏರಿಸಿದ ನೀರು ಪುಪ್ಪುಸದಲ್ಲಿ ನಿಂತು ಉಸಿರಿಗೇ ತ್ರಾಸ ಕೊಡಬಹುದು. ಬಾಯಿ ಒಣಗದಂತೆ ನೋಡಿಕೊಂಡರೆ ಸಾಕು. ಎಳ್ಳಮಾವಾಸ್ಯೆಯಂದು ಎಲ್ಲರೂ ಭಜ್ಜಿ, ಸಜ್ಜೆ ರೊಟ್ಟಿ ತಿನ್ನುವಾಗ ಅತ್ತೆ ಅಂಬಲಿ ಕೇಳಿದಳು. ನುಂಗುವ ಶಕ್ತಿ ಇರಲಿಲ್ಲ. ನರ್ಸಮ್ಮ ಹತ್ತಿಯನ್ನು ಅಂಬಲಿಯಲ್ಲಿ ಅದ್ದಿ ತುಟಿಗೆ, ನಾಲಿಗೆಗೆ ಸವರಿದಳು. ‘ಉಪ್ಪು ಕಡಿಮಿ ಆಗ್ಯಾದ’ ಎಂದಳು ಅತ್ತೆ.

ಅಮಾವಾಸ್ಯೆ ದಾಟಿದ ಮೇಲೆ ಒಂದು ನಸುಕಿನಲ್ಲಿ ಹೋದಳು. ಊರಿಗೆ ತಂದು, ವಿಭೂತಿ ಧರಿಸಿ, ಕುಳಿತ ಭಂಗಿಯಲ್ಲೇ ಸಮಾಧಿಯ ಗೂಡಿನೊಳಗೆ ಇಳಿಸಿದೆವು, ಎಡಗೈಯಲ್ಲಿ ಲಿಂಗ ಇಟ್ಟು. ನರ್ಸಮ್ಮ ರಜೆ ಹಾಕಿ ಬಂದಿದ್ದಳು. ಬಿಲ್ವಪತ್ರೆ ಹಾಕಲು ಅಯ್ಯನವರು ಅವಳನ್ನೂ ಕರೆದರು.

ನೋವು ಸಹಿಸುವುದೇ ಭಕ್ತಿ ಎನ್ನುವವರು ನಮ್ಮ ಬಳಗದಲ್ಲಿ ಇನ್ನೂ ಇದ್ದಾರೆ. ಸೋಲಾಪುರಕ್ಕೆ ಒಯ್ದಿದ್ದರೆ ಒಂದು ವಾರ ಹೆಚ್ಚು ಇರುತ್ತಿದ್ದಳೇನೋ ಎಂದು ಶಿವಗಣಾರಾಧನೆಯ ಪಂಕ್ತಿಯಲ್ಲೇ ಒಬ್ಬರು ಅಂದರು. ಆ ಮಾತಿಗೆ ಉತ್ತರ ಕೊಟ್ಟವರು ಅಫೀಮು ಎಂದು ಸಿಟ್ಟಾಗಿದ್ದ ಅದೇ ಹಿರಿಯರು. ‘ಆ ವಾರ ಯಾರಿಗಿ ಬೇಕಾಗಿತ್ತು, ಅಕಿಗೋ ನಮಗೋ?’ ಎಂದು ಕೇಳಿ ಎಲೆಯ ಮುಂದೆ ಸುಮ್ಮನೆ ಕುಳಿತರು. ಈಗ ಬಳಗದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಗುಳಿಗೆ ಸಿಕ್ಕಿದೆಯಾ ಎಂದು ಮೊದಲು ಫೋನು ಮಾಡುವವರು ಅವರೇ.